ಎದೆಮಟ್ಟದ ಬೆನ್ನುಹುರಿ ಮತ್ತು ಸಣ್ಣ ಗಾಯದ ಆಕರ್ಷಣೆ

ಬೆನ್ನಿನ ಶಸ್ತ್ರಚಿಕಿತ್ಸೆ ಎಂದೊಡನೆ ಈಗ ಎಲ್ಲರೂ ಕೇಳುವುದು, ಕೀಹೋಲ್‌ನಲ್ಲಿ, ಅಂದರೆ ಸಣ್ಣ ಗಾಯದಲ್ಲೇ, ಆಗುತ್ತದೆಯೇ, ಎಷ್ಟು ದಿನಕ್ಕೆ ಮನೆಗೆ ಕಳಿಸುತ್ತಾರೆ ಎಂದು. ಸೊಂಟದ ಡಿಸ್ಕ್ ತೊಂದರೆಗೆ ಇಷ್ಟು ವಿಚಾರಿಸಿದರೆ ನಡೆದೀತು. ಎದೆಮಟ್ಟದಲ್ಲಿ ಬೆನ್ನುಹುರಿಯ ನಾಳ ಕಿರಿದಾದವರು ಇಷ್ಟಕ್ಕೇ ತೃಪ್ತರಾಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಸೊಂಟದ ಕೆಳಭಾಗದ ನಾಳದಲ್ಲಿರುವುದು ಬಿಡಿಬಿಡಿಯಾದ ನರಗಳು. ಅವನ್ನು ನಾಜೂಕಾಗಿ ಬದಿಗೆ ಸರಿಸಬಹುದು. ಎದೆಯ 12 ಕಶೇರುಗಳ (ಬೆನ್ನುಮೂಳೆಯ ಬಿಡಿ ಮೂಳೆಗಳ) ನಡುವೆ ಹಾದುಹೋಗುವುದು ಬೆನ್ನುಹುರಿಯೇ ಆಗಿದ್ದು, ಅಲ್ಲಿ ಜಾಗವೂ ಇಕ್ಕಟ್ಟು, ರಕ್ತದ ಪೂರೈಕೆಯೂ ಕಡಿಮೆಯಾದ್ದರಿಂದ ಹುರಿಯನ್ನು ಒತ್ತುವುದಾಗಲಿ ಸರಿಸುವುದಾಗಲಿ ಸಲ್ಲದು.

ಇಲ್ಲಿ ನಾಳ ಕಿರಿದಾಗಲು ಒಂದು ಮುಖ್ಯ ಕಾರಣ, ಕಶೇರುಗಳನ್ನು ಹಿಂಬದಿಯಿಂದ ಬೆಸೆಯುವ ಹಳದಿ ಅಸ್ಥಿಬಂಧ ಗಟ್ಟಿಯಾಗಿ ಮೂಳೆಯಾಗುವುದು. ಜಪಾನ್, ಚೀನಾಗಳಲ್ಲಿ ಹೆಚ್ಚು ವರದಿಯಾಗಿರುವ ಈ ತೊಂದರೆ ನಮ್ಮಲ್ಲೂ ಇದೆ. ಫ್ಲೋರೈಡ್ ಮಿತಿಮೀರಿದ ಕೊಳವೆಬಾವಿ ನೀರನ್ನು ದಶಕಗಟ್ಟಲೆ ಕುಡಿದವರಲ್ಲಿಯೂ ಅಸ್ಥಿಬಂಧಗಳು ಹೀಗೆಯೇ ಮೂಳೆಯಾಗುತ್ತವೆ. ಪಾವಗಡದ ಕಡೆಯವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ರೋಗ ತಡವಾಗಿ ಪತ್ತೆಯಾಗುವುದು ನಿಜವಾದ ಸಂಕಟ. ನಮ್ಮ ಚಿಕ್ಕಪ್ಪನವರಿಗೆ ನೋವೇ ಇರಲಿಲ್ಲ. ಕಾಲು ಬಿಗಿದಂತಾಗುತ್ತಿತ್ತು, ಚಪ್ಪಲಿ ಜಾರಿಹೋದರೂ ತಿಳಿಯುತ್ತಿರಲಿಲ್ಲ, ಕಣ್ಣು ಮುಚ್ಚಿ ಮುಖ ತೊಳೆಯುವಾಗ ವಾಲುತ್ತಿದ್ದರು. ವಯಸ್ಸಾಯಿತು ಎಂದು ನಾವೂ ಸುಮ್ಮನಿದ್ದೆವು. ಮೊದಲು ತೆಗೆಸಿದ ಎಮ್‌ಆರ್‌ಐ ಸೊಂಟದ್ದು ಮಾತ್ರ. ಅದರಲ್ಲಿ ವಯೋಸಹಜ ಸವೆತ ಕಂಡದ್ದರಿಂದ ಮೇಲಕ್ಕೆ ಯಾರೂ ನೋಡಲಿಲ್ಲ. ಕಾಲು ಸೆಟೆದು ನಡಿಗೆ ತಪ್ಪುತ್ತಿದ್ದರೆ ಇಡೀ ಬೆನ್ನುಮೂಳೆಯ ಎಮ್‌ಆರ್‌ಐ ಕೇಳಿ ಮಾಡಿಸಿಕೊಳ್ಳಿ. ಮೂತ್ರದ ಹಿಡಿತ ತಪ್ಪುವವರೆಗೆ ಕಾದರೆ, ಎಷ್ಟೇ ನಿಪುಣ ಶಸ್ತ್ರಚಿಕಿತ್ಸೆಯಾದರೂ ಕಳೆದುಹೋದ ಶಕ್ತಿ ಪೂರ್ತಿ ಮರಳುವ ಭರವಸೆ ಇಲ್ಲ.

ಇನ್ನು ಸಣ್ಣ ಗಾಯದ ವಿಧಾನಗಳ ಮಾತು. ಸ್ನಾಯುಗಳನ್ನು ಕತ್ತರಿಸದೆ ಅಗಲಿಸಿ ಕೊಳವೆಯೊಂದನ್ನು ಇಳಿಸಿ ಸೂಕ್ಷ್ಮದರ್ಶಕದಡಿ ಕೆಲಸ ಮಾಡುವುದು ಒಂದು ಬಗೆ. ಸಲೈನ್ ಹರಿಸುತ್ತಾ ಎಂಡೋಸ್ಕೋಪಿನಲ್ಲಿ ನೋಡುವುದು ಇನ್ನೊಂದು. ಎರಡರಲ್ಲೂ ಮೂಳೆಯನ್ನು ವಜ್ರದ ಬರ್‌ನಿಂದ (ತಿರುಗುತ್ತಾ ತೇಯುವ ಸಣ್ಣ ಉಪಕರಣ) ಮೊಟ್ಟೆಯ ಚಿಪ್ಪಿನಷ್ಟು ತೆಳುವಾಗಿ ತೇಯ್ದು, ಕೊನೆಯ ಪದರವನ್ನು ಮೆಲ್ಲಗೆ ಬಿಡಿಸುತ್ತಾರೆ. ರಕ್ತಸ್ರಾವ ಕಡಿಮೆ, ಬೇಗ ಎದ್ದು ಓಡಾಡಬಹುದು, ಇದರಲ್ಲಿ ಉತ್ಪ್ರೇಕ್ಷೆಯಿಲ್ಲ. ಒಂದೆರಡು ಕಶೇರುಗಳ ಮಟ್ಟದಲ್ಲಿ ಮಾತ್ರ ಹುರಿಯ ಮೇಲೆ ಒತ್ತಡವಿದ್ದರೆ ನಾನೂ ಇದರ ಪರವೇ. ಆದರೆ ಗಟ್ಟಿಯಾದ ಅಸ್ಥಿಬಂಧ ಹುರಿಯ ಹೊದಿಕೆಯಾದ ಡ್ಯೂರಾಗೆ ಅಂಟಿಕೊಂಡಿದ್ದರೆ, ಡ್ಯೂರಾ ಹರಿದು ಹುರಿಯ ಸುತ್ತಲಿನ ದ್ರವ ಸೋರುವ ಸಂಭವವಿರುತ್ತದೆ, ಮತ್ತು ಅಷ್ಟು ಕಿರಿದಾದ ದಾರಿಯಲ್ಲಿ ಹೊಲಿಗೆ ಹಾಕುವುದು ಬಹಳ ಕಷ್ಟ. ಅಂಥಲ್ಲಿ ತೆರೆದ ಶಸ್ತ್ರಚಿಕಿತ್ಸೆಯನ್ನು ಸೂಚಿಸುವ ವೈದ್ಯರನ್ನು ಹಳೆಯ ಕಾಲದವರೆಂದು ತಳ್ಳಿಹಾಕುವುದು ಸರಿಯಲ್ಲ.

ಹಾಗಾಗಿ ಸಿಟಿ ಸ್ಕ್ಯಾನ್‌ನಲ್ಲಿ ಡ್ಯೂರಾ ಹೇಗೆ ಕಾಣುತ್ತಿದೆ, ಶಸ್ತ್ರಚಿಕಿತ್ಸೆಯ ವೇಳೆ ನರಗಳ ಸಂಕೇತಗಳ ಮೇಲೆ ನಿಗಾ ಇಡುವ ಉಪಕರಣ ಇರುತ್ತದೆಯೇ, ಅಗತ್ಯಬಿದ್ದರೆ ಅಲ್ಲಿಯೇ ತೆರೆದ ವಿಧಾನಕ್ಕೆ ಹೊರಳುವ ಸಿದ್ಧತೆಯಿದೆಯೇ ಎಂದು ಕೇಳಬೇಕು. ಎದೆಯ ಕಶೇರುಗಳು ಎಕ್ಸ್‌-ರೇಯಲ್ಲಿ ಒಂದರಂತೆ ಇನ್ನೊಂದು ಕಾಣುವುದರಿಂದ, ಸರಿಯಾದ ಕಶೇರುವನ್ನು ಎಲ್ಲಿಂದ ಎಣಿಸಿ ಗುರುತಿಸುತ್ತಾರೆ ಎಂಬುದನ್ನೂ ವಿಚಾರಿಸಿ. ಅನುಭವಿ ವೈದ್ಯರು ಈ ಪ್ರಶ್ನೆಗೆ ಬೇಸರಿಸುವುದಿಲ್ಲ.