ಶಿವನಿಗೂ ಸೋಮವಾರ ರಜೆ

ಘಟ್ಟದ ಮೇಲಿನವರನ್ನು ಮುಂಬೈ ತೋರಿಸಲು ಕರೆದೊಯ್ಯುವ ಕಾರವಾರದವರು, ಅವರ ಸಾಮಾನಿನಲ್ಲಿ ತೊಡದೇವಿನ ಪೆಟ್ಟಿಗೆಯೊಂದು ಇದ್ದೇ ಇರುತ್ತದೆ ಎಂಬುದನ್ನು ಮೊದಲೇ ತಿಳಿದಿರಬೇಕು. ಮಗುಚಿಟ್ಟ ಮಡಕೆಯ ಕಾದ ಬೆನ್ನಿಗೆ ಅಕ್ಕಿಹಿಟ್ಟು ಕಲಸಿದ ಕಬ್ಬಿನ ಹಾಲನ್ನು ಬಳಿದು ಎಬ್ಬಿಸುವ ಈ ತಿಂಡಿ ಉಸಿರು ಜೋರಾಗಿ ಬಿಟ್ಟರೂ ಮುರಿಯುತ್ತದೆ. ಶಿರಸಿಯ ನನ್ನ ಗೆಳೆಯ ಅದನ್ನು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ, ಡೊಂಬಿವಲಿಯ ತನ್ನ ಸೋದರತ್ತೆಗೆಂದು ಕಾರವಾರದಿಂದ ರೈಲಿನುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡೇ ಬಂದ.

ನಮ್ಮ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿ ಆಡಳಿತಕ್ಕೇ ಸೇರಿದ್ದರಿಂದ ನಾವು ಹೋಗುತ್ತಿರುವುದು ಹಳೆಯ ರಾಜಧಾನಿಗೆ ಎಂದು ನಾನು ದಾರಿಯುದ್ದಕ್ಕೂ ವಿವರಿಸಿದ್ದೆ. ಅವನು ಕೇಳಿಸಿಕೊಂಡನೋ ಇಲ್ಲವೋ, ತಿಲಕನಗರದಲ್ಲಿ ಲೋಕಲ್ ಹತ್ತುವಾಗ ‘ಹಾರ್ಬರ್ ಲೈನ್’ ಎಂಬ ಹೆಸರು ಮಾತ್ರ ಅವನ ಕಿವಿಗೆ ಸರಿಯಾಗಿ ಬಿತ್ತು. ಬಂದರು ಕಾಣಿಸುತ್ತದೆಂದು ಬಾಗಿಲ ಬಳಿಯೇ ನಿಂತವನಿಗೆ ಕಂಡದ್ದು ಕಟ್ಟಡಗಳ ಹಿತ್ತಿಲು ಮತ್ತು ಒಣಹಾಕಿದ ಬಟ್ಟೆ. ವಡಾಳಾದಲ್ಲಿ ನುಗ್ಗಿದ ಜನ ಅವನನ್ನೂ ಪೆಟ್ಟಿಗೆಯನ್ನೂ ಎದುರಿನ ಗೋಡೆಗೆ ಒತ್ತಿಹಿಡಿದರು. ಡಾಕ್‌ಯಾರ್ಡ್ ರೋಡ್ ಬಂದಾಗಲೂ ಹಡಗು ಕಾಣಲಿಲ್ಲ, ಪೆಟ್ಟಿಗೆಯೊಳಗಿಂದ ಮಾತ್ರ ಪುಡಿಯಾದ ಸದ್ದು ಕೇಳಿಸುತ್ತಿತ್ತು.

ಗೇಟ್‌ವೇ ಆಫ್ ಇಂಡಿಯಾದ ಎದುರು ನಿಂತು, ಐದನೇ ಜಾರ್ಜ್ ದೊರೆ 1911ರಲ್ಲಿ ಬಂದಿಳಿದ ನೆನಪಿಗೆ ಕಟ್ಟಲು ತೊಡಗಿದ ಈ ಕಮಾನು ಪೂರ್ತಿಯಾದದ್ದು 1924ರಲ್ಲಿ ಎಂದೆ. “ನೆಂಟರು ಊಟ ಮಾಡಿ ಹೋದಮೇಲೆ ಚಪ್ಪರ ಹಾಕಿದ ಹಾಗಾಯಿತು” ಎಂದನವನು. ಅದನ್ನು ಅಲ್ಲಗಳೆಯುವುದು ನನಗಾಗಲಿಲ್ಲ.

ನಿಜವಾದ ಪೇಚು ಇದ್ದದ್ದು ಎಲಿಫೆಂಟಾ ಗುಹೆಗಳಿರುವ ಘಾರಾಪುರಿ ದ್ವೀಪದ ವಿಷಯದಲ್ಲಿ. ಅಲ್ಲಿನ ಸುಮಾರು ಇಪ್ಪತ್ತು ಅಡಿ ಎತ್ತರದ ಮೂರು ಮುಖದ ಸದಾಶಿವನನ್ನು ಶಿವನ ವಾರದಂದೇ ನೋಡಬೇಕೆಂದು ಅವನು ಪಂಚಾಂಗ ಹಿಡಿದು ಸೋಮವಾರವನ್ನು ಆರಿಸಿದ್ದ. ದೋಣಿಯ ಟಿಕೆಟು ಕೇಳಿದಾಗ, ಗುಹೆಗಳಿಗೆ ವಾರದ ರಜೆಯೇ ಸೋಮವಾರ ಎಂಬುದು ತಿಳಿಯಿತು. “ಎಂತದು ಮಾರಾಯಾ, ನಮ್ಮೂರಿನಲ್ಲಿ ಸೋಮವಾರ ಶಿವನಿಗೆ ಪುರಸೊತ್ತೇ ಇರುವುದಿಲ್ಲ, ಇಲ್ಲಿ ಅವನಿಗೆ ರಜೆಯೇ?” ಎಂದು ಅವನು ಟಿಕೆಟಿನವನನ್ನು ಕನ್ನಡದಲ್ಲೇ ತರಾಟೆಗೆ ತೆಗೆದುಕೊಂಡ. ಟಿಕೆಟಿನವನು ಮರಾಠಿಯಲ್ಲಿ ಸಮಾಧಾನ ಹೇಳಿ, ಬಂದರು ಸುತ್ತಿಸುವ ದೋಣಿಗೆ ನಮ್ಮನ್ನು ಹತ್ತಿಸಿದ.

ದೋಣಿ ದಡ ಬಿಟ್ಟ ಸ್ವಲ್ಪ ಹೊತ್ತಿಗೇ ಗೆಳೆಯನ ಮುಖದ ಬಣ್ಣ ಇಳಿಯಿತು. ದೂರದ ಯುದ್ಧನೌಕೆಗಳನ್ನು ತೋರಿಸಿ, ಇಂಥವು ನಮ್ಮ ಅರಗಾದ ಕದಂಬ ನೌಕಾನೆಲೆಯಲ್ಲೂ ಇವೆ ಎಂದು ನಾನು ಹೆಮ್ಮೆಪಡುವಾಗ ಅವನು ಕಣ್ಣುಮುಚ್ಚಿ ನಿಂಬೆಹಣ್ಣು ಮೂಸುತ್ತಿದ್ದ. ಚಳಿಗಾಲಕ್ಕೆ ವಲಸೆ ಬಂದ ಕಡಲಹಕ್ಕಿಗಳು ದೋಣಿಯನ್ನು ಮುತ್ತಿದ್ದವು. ಜನ ಎಸೆದದ್ದನ್ನು ಅವು ಗಾಳಿಯಲ್ಲೇ ಹಿಡಿಯುತ್ತಿದ್ದವು. ಕಣ್ಣುಬಿಟ್ಟು ಅದನ್ನು ಕಂಡವನೇ ಪೆಟ್ಟಿಗೆ ಬಿಚ್ಚಿ, ಪುಡಿ ತೊಡದೇವನ್ನು ಬೊಗಸೆಬೊಗಸೆಯಾಗಿ ತೂರತೊಡಗಿದ. ಪೆಟ್ಟಿಗೆ ಬರಿದಾಗುವ ಹೊತ್ತಿಗೆ ಅವನ ಹೊಟ್ಟೆತೊಳಸು ಸಂಪೂರ್ಣ ನಿಂತಿತ್ತು.

ರಾತ್ರಿ ಡೊಂಬಿವಲಿಯಲ್ಲಿ ಅತ್ತೆ ಖಾಲಿ ಪೆಟ್ಟಿಗೆಯ ಕಥೆಯನ್ನು ಮೌನವಾಗಿ ಕೇಳಿ, ನನ್ನ ಕಡೆ ತಿರುಗಿ, “ತಮಾ, ಹಕ್ಕಿಗೆ ಹಾಕುವ ಮೊದಲು ನಿನಗಾದರೂ ಒಂದು ಚೂರು ಕೊಟ್ಟನೋ?” ಎಂದು ಕೇಳಿದರು. ಕೊಡಲಿಲ್ಲವೆಂದು ನಾನು ಇದ್ದದ್ದನ್ನೇ ಹೇಳಿದೆ. ಊಟಕ್ಕೆ ಕುಳಿತಾಗ ತುಪ್ಪ ನನ್ನ ತಟ್ಟೆಗೆ ಮತ್ತೆಮತ್ತೆ ಬಂತು, ಅವನ ತಟ್ಟೆಯ ತನಕ ತಲುಪಲೇ ಇಲ್ಲ.