ಮೊಸ್ತಾರ್ ಸೇತುವೆಯ ಸಂದೇಶ: ಒಂದು ಸ್ಪಷ್ಟನೆ

ಬೋಸ್ನಿಯಾದ ಮೊಸ್ತಾರ್ ನಗರದ ಹಳೆ ಸೇತುವೆಯ ಚಿತ್ರದೊಂದಿಗೆ ಕಾಸರಗೋಡಿನ ಕನ್ನಡ ವಾಟ್ಸಾಪ್ ಗುಂಪುಗಳಲ್ಲಿ ಸಂದೇಶವೊಂದು ಓಡಾಡುತ್ತಿದೆ: "ನದಿಗೆ ಬಿದ್ದ ಹಳೆ ಕಲ್ಲುಗಳಿಂದಲೇ ಸೇತುವೆ ಕಟ್ಟಿದರು, ಅಂದಿನಿಂದ ಎರಡೂ ಸಮುದಾಯದ ಮಕ್ಕಳು ಒಂದೇ ತರಗತಿಯಲ್ಲಿ ಕಲಿಯುತ್ತಿದ್ದಾರೆ." ಸಮುದಾಯಗಳೆಂದರೆ ಅಲ್ಲಿನ ಬೋಸ್ನಿಯಾಕ್ ಮುಸ್ಲಿಮರು ಮತ್ತು ಕ್ರೊವಾಟರು. ಎರಡು ಮಾತೂ ಸರಿಯಲ್ಲ.

ಇವರ ನಡುವಿನ ಯುದ್ಧದಲ್ಲಿ, 1993ರ ನವೆಂಬರ್ 9ರಂದು ಶೆಲ್ ದಾಳಿಗೆ ಕುಸಿದ ಸೇತುವೆ 2004ರ ಜುಲೈ 23ರಂದು ಮತ್ತೆ ತೆರೆಯಿತು. ನೆರೆತ್ವಾ ನದಿಯಿಂದ ಕಲ್ಲುಗಳನ್ನು ಮೇಲೆತ್ತಿದ್ದು ನಿಜ. ಆದರೆ ಕಮಾನಿಗೆ ಬಳಸಿದ್ದು ಅಲ್ಲಿಯದೇ ತೆನೆಲಿಯಾ ಕಲ್ಲನ್ನು, ಹೊಸದಾಗಿ ಕಡಿದು. ಕಲ್ಲಿಗೆ ಕಲ್ಲು ಹಿಡಿಯಲು ಕಬ್ಬಿಣದ ಕೊಂಡಿ ಕೂರಿಸಿ, ಕರಗಿಸಿದ ಸೀಸ ಹೊಯ್ದರು. ಅದು ಹಳೆಯ ಕ್ರಮವೇ.

ಶಾಲೆಯ ವಿಷಯ ಇನ್ನೂ ಮುಖ್ಯ. ನಮ್ಮ ಶಾಲೆಗಳಲ್ಲಿ ಕನ್ನಡ, ಮಲಯಾಳ ಡಿವಿಷನ್‌ಗಳಿದ್ದರೂ ಪಠ್ಯಕ್ರಮ ಒಂದೇ. ಮೊಸ್ತಾರಿನ ಜಿಮ್ನೇಷಿಯಂ ಎಂಬ ಪ್ರೌಢಶಾಲೆಯಲ್ಲಿ 2004ರಲ್ಲಿ ಆಡಳಿತ ಒಂದಾಯಿತು, ಪಠ್ಯಕ್ರಮ ಮಾತ್ರ ಸಮುದಾಯಕ್ಕೊಂದರಂತೆ ಎರಡಾಗಿಯೇ ಉಳಿಯಿತು. ಇಂಥ "ಒಂದೇ ಸೂರಿನಡಿ ಎರಡು ಶಾಲೆ" ಪದ್ಧತಿಯ ಬಗ್ಗೆ ಯುರೋಪಿನ ಭದ್ರತೆ ಮತ್ತು ಸಹಕಾರ ಸಂಸ್ಥೆ 2018ರಲ್ಲಿ ವರದಿಯನ್ನೇ ಪ್ರಕಟಿಸಿದೆ. ಎರಡು ಸಮುದಾಯಗಳ ಪಕ್ಷಗಳು ಒಮ್ಮತಕ್ಕೆ ಬಾರದೆ, 2008ರ ನಂತರ ಆ ನಗರದಲ್ಲಿ ಸ್ಥಳೀಯ ಚುನಾವಣೆ ನಡೆದದ್ದು 2020ರ ಡಿಸೆಂಬರಿನಲ್ಲಿ! ಸೇತುವೆ ಎದ್ದಷ್ಟು ಬೇಗ ನಂಬಿಕೆ ಏಳಲಿಲ್ಲ.

ದಯವಿಟ್ಟು ಆ ಸಂದೇಶವನ್ನು ಇನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.