ಒತ್ತಿ ನೋಡದೆ ಕೀಬೋರ್ಡ್ ಕೊಳ್ಳೋದು ಹೇಗೆ?

ಕೈಗೆ ಹೊಂದುವ ಒಂದು ಕೀಬೋರ್ಡ್ ಕೊಳ್ಳುವುದು ಬೆಂಗಳೂರಿನಲ್ಲಿ ಇಷ್ಟು ಕಷ್ಟ ಯಾಕೆ? ಎಸ್.ಪಿ. ರೋಡಿನಲ್ಲಿ ಕಂಪ್ಯೂಟರ್ ಸಾಮಾನಿನ ಸಾಲು ಸಾಲು ಅಂಗಡಿಗಳಿವೆ, ಆದರೆ ಡಬ್ಬ ಬಿಚ್ಚಿ ಒಂದು ಸಾಲು ಟೈಪ್ ಮಾಡಿ ನೋಡುತ್ತೇನೆ ಅಂದರೆ "ಸೀಲ್ ಒಡೆದರೆ ತಗೊಳ್ಳಲೇಬೇಕು ಸಾರ್" ಅನ್ನುತ್ತಾರೆ. ಚಪ್ಪಲಿಯನ್ನೂ ಹಾಕಿ ನೋಡಿಯೇ ಕೊಳ್ಳುತ್ತೇವೆ, ಅಲ್ವಾ? ಮೆಕ್ಯಾನಿಕಲ್ ಕೀಬೋರ್ಡಿನಲ್ಲಿ ಪ್ರತಿ ಕೀ ಕೆಳಗೂ ಒಂದು ಸ್ವಿಚ್ ಇರುತ್ತದೆ: ನೀಲಿಯದು ಟಕ್ ಟಕ್ ಅನ್ನುತ್ತದೆ, ಕಂದು ಬಣ್ಣದ್ದು ಸಣ್ಣ ತಡೆ ಕೊಡುತ್ತದೆ, ಕೆಂಪು ಸೀದಾ ಇಳಿಯುತ್ತದೆ. ಚೆರ್ರಿ ಕಂಪನಿಯ ಕೆಂಪು ಸ್ವಿಚ್ಚಿಗೆ 45 ಗ್ರಾಂನಷ್ಟು ಒತ್ತಿದರೆ ಸಾಕು ಅಂತ ಓದಿ ತಿಳಿಯಬಹುದು, ಆದರೆ ನನ್ನ ಬೆರಳಿಗೆ ಅದು ಹಗುರವೋ ಭಾರವೋ ಅನ್ನೋದು ಒತ್ತಿದರೆ ತಾನೇ ಗೊತ್ತಾಗೋದು.

ಅದಕ್ಕಿಂತ ಜಾಸ್ತಿ ಸಿಟ್ಟು ಬರೋದು ಎಡಗಡೆಯ ಶಿಫ್ಟ್ ನೋಡಿದಾಗ. ಐಎಸ್‌ಒ ಅನ್ನೋ ಕೀ ಜೋಡಣೆಯಲ್ಲಿ ಅದನ್ನು ಮೊಟಕು ಮಾಡಿ ಪಕ್ಕದಲ್ಲಿ ಇನ್ನೊಂದು ಕೀ ತುರುಕಿರುತ್ತಾರೆ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ ಕನ್ನಡ ಬರೆಯುವವರಿಗೆ ಖ, ಘ, ಆ, ಈ ಎಲ್ಲದಕ್ಕೂ ಶಿಫ್ಟ್ ಬೇಕು. ಕಿರುಬೆರಳು ಸ್ವಲ್ಪ ಜಾರಿದರೂ ಖ ಇರಬೇಕಾದ ಕಡೆ ಬೇರೇನೋ ಬಂದು ಕೂರುತ್ತದೆ.

60 ಪರ್ಸೆಂಟ್ ಅನ್ನೋ ಪುಟ್ಟ ಬೋರ್ಡುಗಳಲ್ಲಂತೂ ಮೇಲಿನ ಎಫ್1, ಎಫ್2 ಕೀಗಳ ಸಾಲೂ ಇಲ್ಲ, ಬಾಣದ ಕೀಗಳೂ ಇಲ್ಲ. ಡಿಬಗ್ ಮಾಡುವಾಗ, ಅಂದರೆ ಪ್ರೋಗ್ರಾಮಿನ ತಪ್ಪು ಹುಡುಕುವಾಗ, ಪ್ರತಿ ಸಲ ಎಫ್10ಕ್ಕೆ ಎರಡೆರಡು ಕೀ ಹಿಡಿಯಬೇಕು. ಬೇಕಾದ ಕೀಗಳೇ ಇಲ್ಲದ ಮೇಲೆ ಬರೀ ಅದರ ಬಣ್ಣದ ಲೈಟಿಗೆ ಸುಮ್ನೆ ದುಡ್ಡು ಯಾಕೆ ಕೊಡಬೇಕು?

ಅಂಗಡಿಯವರೇ, ಒಂದೊಂದು ಬಗೆಯ ಸ್ವಿಚ್ಚಿನದೂ ಒಂದೊಂದು ಬೋರ್ಡ್ ಬಿಚ್ಚಿ ಮೇಜಿನ ಮೇಲಿಡಿ. ಒತ್ತಿ ನೋಡಿ ಇಷ್ಟವಾದರೆ 500 ರೂಪಾಯಿ ಜಾಸ್ತಿಯಾದರೂ ನಿಮ್ಮಲ್ಲೇ ಕೊಳ್ಳುತ್ತೇನೆ.